ಟಮ್ಮಿ ಟಕ್‌ಗೆ ಸರ್ಜನ್ ಹುಡುಕುವುದು: ಫೋಟೋ ನೋಡುವ ಮೊದಲು ಗೊತ್ತಿರಬೇಕಾದ್ದು

ಟಮ್ಮಿ ಟಕ್, ಅಂದರೆ ಜೋತುಬಿದ್ದ ಹೊಟ್ಟೆಯನ್ನು ಬಿಗಿ ಮಾಡುವ ಆಪರೇಷನ್, ಮಾಡಿಸಿಕೊಳ್ಳೋಣ ಅಂತ ಮನಸ್ಸು ಮಾಡಿದವರು ಮೊದಲು ಮಾಡುವ ಕೆಲಸ ಫೋನ್ ತೆಗೆದು ಫೋಟೋ ನೋಡುವುದು. ಎಡಗಡೆ ಜೋತುಬಿದ್ದ ಹೊಟ್ಟೆ, ಬಲಗಡೆ ಚಪ್ಪಟೆ ಹೊಟ್ಟೆ. ಹತ್ತಿಪ್ಪತ್ತು ಫೋಟೋ ನೋಡುವಷ್ಟರಲ್ಲಿ ಡಾಕ್ಟರ್ ಯಾರು ಅನ್ನುವುದು ಅರ್ಧ ತೀರ್ಮಾನ ಆಗಿಬಿಟ್ಟಿರುತ್ತದೆ. ಫೋಟೋ ನೋಡುವುದು ತಪ್ಪಲ್ಲ, ನೋಡಲೇಬೇಕು. ಆದರೆ ಎಲ್ಲ ಸರಿಹೋದಾಗ ಏನಾಯಿತು ಅನ್ನುವುದನ್ನು ಮಾತ್ರ ಫೋಟೋ ಹೇಳುತ್ತದೆ. ಆಪರೇಷನ್ ಆಗಿ ನಾಲ್ಕನೇ ರಾತ್ರಿ ಹೊಟ್ಟೆಯ ಒಂದು ಕಡೆ ಊದಿಕೊಂಡರೆ ಫೋನ್ ಎತ್ತುವವರು ಯಾರು, ಎತ್ತಿದವರಿಗೆ ಏನು ಮಾಡಬೇಕು ಅಂತ ಗೊತ್ತಿದೆಯಾ, ಇದು ಯಾವ ಫೋಟೋದಲ್ಲೂ ಕಾಣುವುದಿಲ್ಲ. ನನ್ನ ಪ್ರಕಾರ ಸರ್ಜನ್ ಆರಿಸುವಾಗ ನಿಜವಾಗಿ ನೋಡಬೇಕಾದ್ದು ಅದನ್ನೇ: ಎಡವಟ್ಟು ಆಗಬಹುದು ಅನ್ನುವುದರ ಬಗ್ಗೆ ಈ ಡಾಕ್ಟರ್ ಎಷ್ಟು ಯೋಚನೆ ಮಾಡಿದ್ದಾರೆ.

ಟಮ್ಮಿ ಟಕ್ ಬೇಕಾ ಬೇಡವಾ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ನಿಮ್ಮ ದೇಹ, ನಿಮ್ಮ ನಿರ್ಧಾರ. ಆದರೆ ಸರ್ಜನ್‌ರನ್ನು ಅಳೆಯಬೇಕಾದರೆ ಆಪರೇಷನ್ ಏನು ಅಂತ ಸ್ವಲ್ಪವಾದರೂ ತಿಳಿದಿರಬೇಕು, ಇಲ್ಲದಿದ್ದರೆ ಅವರು ಹೇಳಿದ್ದಕ್ಕೆಲ್ಲ ಸುಮ್ನೆ ತಲೆಯಾಡಿಸಿ ಎದ್ದು ಬರುತ್ತೇವೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಒಳಗೆ ಏನು ಮಾಡುತ್ತಾರೆ

ಡಾಕ್ಟರುಗಳು ಇದನ್ನು ಅಬ್ಡಾಮಿನೋಪ್ಲಾಸ್ಟಿ ಅನ್ನುತ್ತಾರೆ. ಪೂರ್ತಿ ಟಮ್ಮಿ ಟಕ್‌ನಲ್ಲಿ ಕೆಳಹೊಟ್ಟೆಯಲ್ಲಿ, ಒಳಉಡುಪಿನ ಅಡಿ ಮುಚ್ಚಿಹೋಗುವಷ್ಟು ಕೆಳಗೆ, ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕೊಯ್ಯುತ್ತಾರೆ. ಚರ್ಮವನ್ನೂ ಅದರ ಕೆಳಗಿನ ಕೊಬ್ಬಿನ ಪದರವನ್ನೂ ಸ್ನಾಯುವಿನ ಮೇಲಿಂದ ಬಿಡಿಸುತ್ತಾ ಪಕ್ಕೆಲುಬಿನ ಕಡೆಗೆ ಮೇಲೆತ್ತುತ್ತಾರೆ. ಹೊಕ್ಕುಳಿನ ಸುತ್ತ ಕೊಯ್ದು, ಅದನ್ನು ಬುಡದಲ್ಲಿ ಅಂಟಿಕೊಂಡ ಹಾಗೇ ಬಿಡುತ್ತಾರೆ. ಆಮೇಲೆ ಸ್ನಾಯುವಿನ ಕೆಲಸ. ನಮ್ಮ ಹೊಟ್ಟೆಯ ಮುಂದೆ ಎದೆಯಿಂದ ಕೆಳಗಿನವರೆಗೆ ಎರಡು ಪಟ್ಟಿ ಸ್ನಾಯುಗಳು ಅಕ್ಕಪಕ್ಕ ಇರುತ್ತವೆ. ಬಸಿರಿನಲ್ಲಿ ಅವುಗಳ ನಡುವಿನ ಪದರ ಹಿಗ್ಗಿ ಎರಡೂ ದೂರ ಸರಿಯುತ್ತವೆ, ಕೆಲವರಿಗೆ ಹೆರಿಗೆ ಆಗಿ ವರ್ಷಗಳಾದರೂ ಅವು ಮತ್ತೆ ಹತ್ತಿರ ಬರುವುದೇ ಇಲ್ಲ. ಇದಕ್ಕೆ ಡಯಾಸ್ಟಾಸಿಸ್ ರೆಕ್ಟೈ ಅಂತ ಹೆಸರು. ಎಷ್ಟು ವ್ಯಾಯಾಮ ಮಾಡಿದರೂ ಹೊಟ್ಟೆ ಮುಂದಕ್ಕೇ ಇರುತ್ತದೆ ಅಂತ ಹಲವರು ಹೇಳುವುದರ ಹಿಂದೆ ಇರುವುದು ಎಷ್ಟೋ ಸಲ ಇದೇ. ಆ ಎರಡು ಪಟ್ಟಿಗಳನ್ನು ಹೊಲಿಗೆ ಹಾಕಿ ಹತ್ತಿರ ತರುತ್ತಾರೆ. ಕೊನೆಗೆ ಚರ್ಮವನ್ನು ಕೆಳಕ್ಕೆ ಎಳೆದು, ಹೆಚ್ಚಾಗಿದ್ದನ್ನು ಕತ್ತರಿಸಿ, ಹೊಕ್ಕುಳಿಗೆ ಹೊಸ ತೂತು ಮಾಡಿ ಹೊರಗೆ ತಂದು ಹೊಲಿಯುತ್ತಾರೆ. ಸಾಮಾನ್ಯವಾಗಿ 2ರಿಂದ 4 ಗಂಟೆ ಹಿಡಿಯುತ್ತದೆ, ಹೆಚ್ಚಾಗಿ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಹೆಸರು ಕೇಳಿದರೆ ಏನೋ ಚಿಕ್ಕ ರಿಪೇರಿ ಅನ್ನಿಸುತ್ತದೆ, ಆದರೆ ಇದು ದೊಡ್ಡ ಆಪರೇಷನ್ನೇ.

ಹೊಸದೂ ಅಲ್ಲ. ಅಮೆರಿಕದ ಹೊವಾರ್ಡ್ ಕೆಲ್ಲಿ ಎಂಬ ಸ್ತ್ರೀರೋಗ ತಜ್ಞರು 1899ರಲ್ಲೇ ಜೋತುಬಿದ್ದ ಹೊಟ್ಟೆಯ ಚರ್ಮ, ಕೊಬ್ಬು ತೆಗೆದಿದ್ದನ್ನು ಬರೆದಿಟ್ಟಿದ್ದಾರೆ. ಬ್ರೆಜಿಲ್‌ನ ಇವೊ ಪಿಟಾಂಗಿ 1967ರಲ್ಲಿ ತಾವು ಮಾಡಿದ 300 ಆಪರೇಷನ್‌ಗಳ ಅನುಭವವನ್ನು ಪ್ರಕಟಿಸಿದರು, ಕೊಯ್ದ ಗಾಯದ ಕಲೆಯನ್ನು ಕೆಳಗೆ ಮರೆಯಾಗಿ ಇಡುವ ಈಗಿನ ಪದ್ಧತಿಗೆ ಅವರ ಕೆಲಸದ ಪಾಲು ದೊಡ್ಡದು. ಇಷ್ಟು ಹಳೆಯ, ಇಷ್ಟು ಜನ ತಿದ್ದಿ ತೀಡಿದ ಆಪರೇಷನ್‌ಗೆ ಯಾರಾದರೂ 'ನನ್ನದೇ ಸ್ವಂತ ವಿಶೇಷ ವಿಧಾನ, ಬೇರೆ ಯಾರಿಗೂ ಬರಲ್ಲ, ಕಲೆಯೇ ಉಳಿಯಲ್ಲ' ಅಂತ ಜಾಹೀರಾತು ಕೊಟ್ಟರೆ ಸ್ವಲ್ಪ ಹುಷಾರಾಗಿರಿ. ಕಲೆ ಉಳಿದೇ ಉಳಿಯುತ್ತದೆ. ಎಲ್ಲಿ, ಎಷ್ಟು ಉದ್ದ, ಎಷ್ಟು ಸಣ್ಣಗೆ ಅನ್ನುವುದಷ್ಟೇ ಪ್ರಶ್ನೆ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಇದು ತೂಕ ಇಳಿಸುವ ಆಪರೇಷನ್ ಅಲ್ಲ. ಬೊಜ್ಜು ಎರಡು ಜಾಗದಲ್ಲಿ ಇರುತ್ತದೆ, ಚರ್ಮದ ಕೆಳಗೆ ಒಂದು, ಸ್ನಾಯುವಿನ ಒಳಗೆ ಕರುಳಿನ ಸುತ್ತ ಇನ್ನೊಂದು. ಸರ್ಜನ್ ಕೈಗೆ ಸಿಗುವುದು ಮೊದಲನೆಯದು ಮಾತ್ರ. ಅಂಗಾತ ಮಲಗಿ ನೋಡಿ: ಹೊಟ್ಟೆ ಇಳಿದು ಎರಡು ಬದಿಗೆ ಹರಡಿದರೆ ಅದು ಬಹುಪಾಲು ಸಡಿಲ ಚರ್ಮ, ಸಡಿಲ ಸ್ನಾಯು. ಮಲಗಿದಾಗಲೂ ಗುಂಡಗೆ ಎದ್ದೇ ನಿಂತಿದ್ದರೆ ಬೊಜ್ಜು ಒಳಗಿದೆ, ಅದನ್ನು ಯಾವ ಟಮ್ಮಿ ಟಕ್ಕೂ ತೆಗೆಯುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಸರ್ಜನ್, ಮೊದಲು ತೂಕ ಇಳಿಸಿ, ಆರು ತಿಂಗಳು ಹಾಗೇ ಕಾಪಾಡಿಕೊಳ್ಳಿ, ಆಮೇಲೆ ಬನ್ನಿ ಅಂತ ಕಳಿಸುವವರು ನಿಮಗೆ ಬೇಸರ ತರಿಸಬಹುದು. ನಾನಾದರೆ ಅವರ ಹೆಸರನ್ನು ಪಟ್ಟಿಯಲ್ಲಿ ಮೇಲಕ್ಕೆ ಹಾಕುತ್ತೇನೆ. ಮುಂದೆ ಮಗು ಬೇಕು ಅಂತ ಇದೆಯಾ ಅಂತಲೂ ಅವರು ಕೇಳಬೇಕು. ಆಪರೇಷನ್ ಆದಮೇಲೆ ಬಸಿರಾದರೆ ಅಪಾಯ ಅಂತಲ್ಲ, ಹೊಲಿದು ಬಿಗಿ ಮಾಡಿದ ಸ್ನಾಯು ಮತ್ತೆ ಸಡಿಲವಾಗಬಹುದು, ಮಾಡಿಸಿದ್ದು ವ್ಯರ್ಥವಾಗಬಹುದು.

ಮೇಜಿನ ಆಚೆ ಕೂತು ಮಾತಾಡಿದರೆ ಸಾಲದು

ನಾನು ಅತಿ ಹೆಚ್ಚು ತೂಕ ಕೊಡುವುದು ಮೊದಲ ಭೇಟಿಯ ಪರೀಕ್ಷೆಗೆ. ಕೆಲವು ಕಡೆ ಆಗುವುದು ಹೀಗೆ: ಒಬ್ಬ ಕೌನ್ಸೆಲರ್ ಬಂದು ಪ್ಯಾಕೇಜ್ ವಿವರಿಸುತ್ತಾರೆ, ಆಮೇಲೆ ಡಾಕ್ಟರ್ ಐದು ನಿಮಿಷ ಬಂದು, ಬಟ್ಟೆ ಮೇಲಿಂದಲೇ ನೋಡಿ, 'ಆಗುತ್ತೆ, ಚೆನ್ನಾಗಿ ಬರುತ್ತೆ' ಅಂದು ಎದ್ದು ಹೋಗುತ್ತಾರೆ. ಅಲ್ಲಿಂದ ನೀವೂ ಎದ್ದು ಬಂದರೆ ಒಳ್ಳೆಯದು.

ಸರಿಯಾದ ಪರೀಕ್ಷೆ ಹೇಗಿರುತ್ತದೆ ಗೊತ್ತಾ? ನಿಲ್ಲಿಸಿ ನೋಡುತ್ತಾರೆ, ಕೂರಿಸಿ ನೋಡುತ್ತಾರೆ, ಮುಂದಕ್ಕೆ ಬಗ್ಗಿಸಿ ಚರ್ಮ ಎಷ್ಟು ಜೋತುಬೀಳುತ್ತದೆ ಅಂತ ನೋಡುತ್ತಾರೆ. ಮಲಗಿಸಿ, ತಲೆಯನ್ನು ಮಾತ್ರ ದಿಂಬಿನಿಂದ ಸ್ವಲ್ಪ ಎತ್ತಿ ಅನ್ನುತ್ತಾರೆ. ಆಗ ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ, ಹೊಕ್ಕುಳಿನ ಮೇಲೆ ಕೆಳಗೆ ಬೆರಳಿಟ್ಟು ಎರಡು ಪಟ್ಟಿಗಳ ನಡುವೆ ಎಷ್ಟು ಬೆರಳು ಅಗಲದ ಸಂದಿ ಇದೆ ಅಂತ ಅಳೆಯುತ್ತಾರೆ. ಕೆಮ್ಮಿ ಅನ್ನುತ್ತಾರೆ, ಅದು ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆಯ ಸಂದಿಯಿಂದ ಕರುಳೋ ಕೊಬ್ಬೋ ಹೊರಗೆ ಉಬ್ಬಿರುವುದು, ಇದೆಯಾ ಅಂತ ತಿಳಿಯಲು. ಹೊಕ್ಕುಳಿನ ಹತ್ತಿರ ಚಿಕ್ಕ ಹರ್ನಿಯಾ ಇದ್ದು ಅದು ಗೊತ್ತಿಲ್ಲದೆ ಕೊಯ್ದರೆ ಕರುಳಿಗೇ ಪೆಟ್ಟಾಗಬಹುದು, ಅದಕ್ಕೇ ಅನುಮಾನ ಬಂದರೆ ಸ್ಕ್ಯಾನ್ ಬರೆದುಕೊಡುತ್ತಾರೆ. ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಕೊಬ್ಬು ಎಷ್ಟು ದಪ್ಪ ಇದೆ ಅಂತ ನೋಡುತ್ತಾರೆ.

ಆಮೇಲೆ ಹಳೆಯ ಕಲೆಗಳು. ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ನನ್ನ ಮಟ್ಟಿಗೆ ಒಬ್ಬ ಸರ್ಜನ್‌ನ ತಲೆ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸುವುದು ಇದೇ. ಸಿಸೇರಿಯನ್ ಕಲೆ ಕೆಳಗೆ ಇರುತ್ತದೆ, ಹೆಚ್ಚಿನ ಸಲ ಕತ್ತರಿಸಿ ತೆಗೆಯುವ ಚರ್ಮದ ಜೊತೆ ಅದೂ ಹೋಗುತ್ತದೆ, ತಲೆನೋವಿಲ್ಲ. ಆದರೆ ಬಲ ಪಕ್ಕೆಲುಬಿನ ಕೆಳಗೆ ಓರೆಯಾಗಿ ಒಂದು ಉದ್ದ ಕಲೆ ಇದೆ ಅಂತಿಟ್ಟುಕೊಳ್ಳಿ, ಹಿಂದೆ ಪಿತ್ತಕೋಶವನ್ನು ತೆರೆದ ಆಪರೇಷನ್ ಮಾಡಿ ತೆಗೆದವರಿಗೆ ಇರುವಂಥದ್ದು. ಚರ್ಮವನ್ನು ಸ್ನಾಯುವಿನಿಂದ ಬಿಡಿಸಿ ಎತ್ತಿದಾಗ ಹೊಕ್ಕುಳಿನ ಅಕ್ಕಪಕ್ಕದಿಂದ ಅದಕ್ಕೆ ಬರುತ್ತಿದ್ದ ರಕ್ತನಾಳಗಳು ಕತ್ತರಿಸಿ ಹೋಗಿರುತ್ತವೆ, ಮೇಲಿನಿಂದ ಮತ್ತು ಎರಡು ಬದಿಗಳಿಂದ ಬರುವ ರಕ್ತದ ಮೇಲೇ ಅದು ಬದುಕಬೇಕು. ಆ ದಾರಿಗೆ ಅಡ್ಡವಾಗಿ ಹಳೆಯ ಕಲೆ ಇದ್ದರೆ ಅದರ ಕೆಳಗಿನ ಚರ್ಮಕ್ಕೆ ರಕ್ತ ಸಾಲದೆ ಕಪ್ಪಾಗಿ ಸತ್ತುಹೋಗಬಹುದು. ಅಂಥವರಿಗೆ ಚರ್ಮವನ್ನು ಕಡಿಮೆ ಬಿಡಿಸಬೇಕು, ಪ್ಲ್ಯಾನ್ ಬದಲಿಸಬೇಕು, ಒಮ್ಮೊಮ್ಮೆ ಬೇಡ ಅನ್ನಲೂಬೇಕು. ನೀವು ಹೇಳುವ ಮೊದಲೇ 'ಈ ಕಲೆ ಯಾವುದರದ್ದು?' ಅಂತ ಕೇಳಿದವರು ಚರ್ಮದ ಕೆಳಗಿನ ರಕ್ತದ ಬಗ್ಗೆ ಯೋಚನೆ ಮಾಡುತ್ತಿದ್ದಾರೆ ಅಂತ ಅರ್ಥ.

ಸಿಗರೇಟಿನ ಪ್ರಶ್ನೆಯ ಹಿಂದಿರುವುದೂ ಇದೇ ರಕ್ತದ ಲೆಕ್ಕ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಸಾಮಾನ್ಯವಾಗಿ ಆಪರೇಷನ್‌ಗೆ ಕನಿಷ್ಠ 4 ವಾರ ಮೊದಲಿನಿಂದ, ಆದಮೇಲೂ 4 ವಾರ ಬಿಟ್ಟಿರಬೇಕು ಅನ್ನುತ್ತಾರೆ, ಅದರಲ್ಲಿ ವೇಪ್ (ಇ-ಸಿಗರೇಟ್), ನಿಕೋಟಿನ್ ಗಮ್, ಪ್ಯಾಚ್ ಎಲ್ಲ ಸೇರಿತು. ಕೆಲವರು ಆಪರೇಷನ್‌ಗೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ನಿಕೋಟಿನ್ ಸಿಕ್ಕರೆ ಅವತ್ತೇ ಆಪರೇಷನ್ ರದ್ದು ಮಾಡುತ್ತಾರೆ. ಒರಟು ಅನ್ನಿಸಬಹುದು, ಆದರೆ ಅದು ನಿಮ್ಮ ಚರ್ಮ ಉಳಿಸಲು. 'ಸೇದ್ತೀರಾ? ಪರವಾಗಿಲ್ಲ, ಕಡಿಮೆ ಮಾಡಿ' ಅನ್ನುವವರ ಬಗ್ಗೆ ನನಗೆ ಜಾಸ್ತಿ ಭಯ.

ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಕೇಳಬೇಕು. ರಕ್ತ ತೆಳು ಮಾಡುವ ಮಾತ್ರೆ, ಆಸ್ಪಿರಿನ್, ಗರ್ಭನಿರೋಧಕ ಮಾತ್ರೆ, ಗಿಡಮೂಲಿಕೆ ಔಷಧಿ ಕೂಡ. ಈಗ ತೂಕ ಇಳಿಸಲು ಸೆಮಾಗ್ಲುಟೈಡ್ ತರಹದ ಇಂಜೆಕ್ಷನ್ ತೆಗೆದುಕೊಂಡು, ತೂಕ ಇಳಿದಮೇಲೆ ಉಳಿದ ಚರ್ಮಕ್ಕೆ ಟಮ್ಮಿ ಟಕ್ ಕೇಳಿಕೊಂಡು ಬರುವವರು ಇದ್ದಾರಲ್ಲ, ಅವರು ಇದನ್ನು ಮುಚ್ಚಿಡಲೇಬಾರದು. ಆ ಔಷಧಿ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಉಪವಾಸ ಇದ್ದರೂ ಒಳಗೆ ಆಹಾರ ಉಳಿದಿದ್ದು, ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ.

ಬೋರ್ಡಿನ ಮೇಲಿನ ಹೆಸರು, ಗೋಡೆಯ ಮೇಲಿನ ಸರ್ಟಿಫಿಕೇಟ್

'ಕಾಸ್ಮೆಟಿಕ್ ಸರ್ಜನ್' ಮತ್ತು 'ಪ್ಲಾಸ್ಟಿಕ್ ಸರ್ಜನ್' ಎರಡೂ ಒಂದೇ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಪ್ಲಾಸ್ಟಿಕ್ ಸರ್ಜರಿ ಅನ್ನುವುದು ವರ್ಷಗಟ್ಟಲೆ ತರಬೇತಿ, ಪರೀಕ್ಷೆ ಇರುವ ಒಂದು ವಿಭಾಗ. ಸುಟ್ಟಗಾಯ, ಕ್ಯಾನ್ಸರ್ ಆಪರೇಷನ್ ಆದಮೇಲೆ ದೇಹದ ಭಾಗ ಮತ್ತೆ ಕಟ್ಟುವುದು, ಕೈ ಜೋಡಿಸುವುದು, ಸೀಳುತುಟಿ, ಎಲ್ಲವನ್ನೂ ಕಲಿತು ಬಂದಿರುತ್ತಾರೆ. 'ಕಾಸ್ಮೆಟಿಕ್ ಸರ್ಜನ್' ಅನ್ನುವ ಹೆಸರಿಗೆ ಎಷ್ಟೋ ದೇಶಗಳಲ್ಲಿ ಅಂಥ ಕಾವಲು ಇಲ್ಲ, ಬೇರೆ ವಿಭಾಗದ ಡಾಕ್ಟರ್ ಕೆಲವು ವಾರಗಳ ಕೋರ್ಸ್ ಮುಗಿಸಿಯೂ ಹಾಗೆ ಬೋರ್ಡ್ ಹಾಕಿಕೊಳ್ಳಬಹುದು.

ಹಾಗಾಗಿ ನೋಡಬೇಕಾದ್ದು ಡಿಗ್ರಿ ಯಾವುದು, ಅದನ್ನು ಕೊಟ್ಟವರು ಯಾರು ಅನ್ನುವುದು. ಭಾರತದಲ್ಲಿ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ, ಈಗ ಡಾಕ್ಟರೇಟ್ ಆಫ್ ನ್ಯಾಷನಲ್ ಬೋರ್ಡ್ ಅನ್ನುವುದು, ಇರಬೇಕು. ಜನರಲ್ ಸರ್ಜರಿಯಲ್ಲಿ ಎಂ.ಎಸ್. ಮುಗಿಸಿದ ಮೇಲೆ ಮತ್ತೆ 3 ವರ್ಷ ಓದಿ ಎಂ.ಸಿಎಚ್. ಪಡೆಯುತ್ತಾರೆ. ಬ್ರಿಟನ್‌ನಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್‌ನ ತಜ್ಞರ ಪಟ್ಟಿಯಲ್ಲಿ 'ಪ್ಲಾಸ್ಟಿಕ್ ಸರ್ಜರಿ' ಅಂತ ನಮೂದಾಗಿದೆಯಾ ನೋಡಬೇಕು, ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಬಹುದು. ಅಮೆರಿಕದಲ್ಲಿ 'ಬೋರ್ಡ್ ಸರ್ಟಿಫೈಡ್' ಅಂದರೆ ಸಾಲದು, ಸರ್ಟಿಫಿಕೇಟ್ ಕೊಟ್ಟ ಬೋರ್ಡ್, ಅಂದರೆ ಮಂಡಳಿ, ಯಾವುದು ಅಂತ ಕೇಳಬೇಕು. ಅಮೆರಿಕನ್ ಬೋರ್ಡ್ ಆಫ್ ಪ್ಲಾಸ್ಟಿಕ್ ಸರ್ಜರಿ ಅಲ್ಲಿನ ಒಪ್ಪಿತ 24 ಬೋರ್ಡ್‌ಗಳಲ್ಲಿ ಒಂದು, ಅದೇ ಧಾಟಿಯ ಹೆಸರಿಟ್ಟುಕೊಂಡ ಅಮೆರಿಕನ್ ಬೋರ್ಡ್ ಆಫ್ ಕಾಸ್ಮೆಟಿಕ್ ಸರ್ಜರಿ ಆ ಪಟ್ಟಿಯಲ್ಲಿಲ್ಲ. ಬೇರೆ ದೇಶದಲ್ಲಿದ್ದರೂ ದಾರಿ ಇದೇ: ನೋಂದಣಿ ಸಂಖ್ಯೆ ಕೇಳಿ, ಆ ದೇಶದ ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ನೀವೇ ನೋಡಿ. ನಂಬರ್ ಕೇಳಿದ್ದಕ್ಕೆ ಮುಖ ಗಂಟಿಕ್ಕುವವರಿದ್ದರೆ ಅವರಿಗೆ ನಿಮ್ಮ ಹೊಟ್ಟೆ ಯಾಕೆ ಕೊಡಬೇಕು?

ಸಂಘಗಳ ಸದಸ್ಯತ್ವ ಇದ್ದರೆ ಒಳ್ಳೆಯದು. 1970ರಲ್ಲಿ ಶುರುವಾದ ಐಸಾಪ್ಸ್ ಎಂಬ, ಅಂದಕ್ಕಾಗಿ ಆಪರೇಷನ್ ಮಾಡುವ ಪ್ಲಾಸ್ಟಿಕ್ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘ ತನ್ನ ಸದಸ್ಯರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಆದರೆ ಗೋಡೆಯ ಮೇಲೆ ಫ್ರೇಮ್ ಹಾಕಿದ ಎಲ್ಲ ಸರ್ಟಿಫಿಕೇಟೂ ಒಂದೇ ತೂಕದ್ದಲ್ಲ, ಎರಡು ದಿನದ ಕಾರ್ಯಾಗಾರಕ್ಕೂ ಚಂದದ ಫ್ರೇಮ್ ಸಿಗುತ್ತದೆ.

ಡಿಗ್ರಿ ಇದೆ ಅಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೈ ಸುಟ್ಟವರ ಆಪರೇಷನ್‌ನಲ್ಲಿ ನಿಪುಣರಾದವರು ಟಮ್ಮಿ ಟಕ್ ವರ್ಷಕ್ಕೆ ಒಂದೆರಡು ಮಾತ್ರ ಮಾಡುತ್ತಿರಬಹುದು. ವರ್ಷಕ್ಕೆ ಎಷ್ಟು ಮಾಡುತ್ತೀರಿ ಅಂತ ನೇರವಾಗಿ ಕೇಳಿ. ಇನ್ನೊಂದು ಜಾಣ ಪ್ರಶ್ನೆ ಇದೆ: ಇದೇ ಆಪರೇಷನ್ ಅನ್ನು ದೊಡ್ಡ ಆಸ್ಪತ್ರೆಯಲ್ಲಿ ಮಾಡಲು ನಿಮಗೆ ಅನುಮತಿ ಇದೆಯಾ? ಸ್ವಂತ ಕ್ಲಿನಿಕ್‌ನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ, ಆದರೆ ಒಳ್ಳೆಯ ಆಸ್ಪತ್ರೆಗಳು ಡಾಕ್ಟರ ತರಬೇತಿ, ಹಿಂದಿನ ಕೆಲಸ ಎಲ್ಲ ನೋಡಿಯೇ ಇಂಥ ಆಪರೇಷನ್ ಮಾಡಬಹುದು ಅಂತ ಬಿಡುತ್ತವೆ. ಆ ಜರಡಿಯನ್ನು ಬೇರೆಯವರು ಆಗಲೇ ಹಿಡಿದಿದ್ದಾರೆ, ನಿಮಗೆ ಪುಕ್ಕಟೆ.

ಈಗ ಫೋಟೋಗಳಿಗೆ ಬರೋಣ

ನಿಮ್ಮ ಮೈಕಟ್ಟಿಗೆ ಹತ್ತಿರ ಇರುವವರ ಫೋಟೋ ಕೇಳಿ. ಸಣಕಲು ಇದ್ದು ಎರಡು ಹೆರಿಗೆ ಆದವರ ಫಲಿತಾಂಶವೇ ಬೇರೆ, ತುಂಬ ತೂಕ ಇಳಿಸಿಕೊಂಡವರದ್ದೇ ಬೇರೆ. ಎರಡೂ ಫೋಟೋಗಳಲ್ಲಿ ಬೆಳಕು, ದೂರ, ನಿಂತ ರೀತಿ ಒಂದೇ ಇದೆಯಾ? ಮೊದಲನೆಯದರಲ್ಲಿ ಭುಜ ಇಳಿಬಿಟ್ಟು, ಎರಡನೆಯದರಲ್ಲಿ ಎದೆಯೆತ್ತಿ ಉಸಿರು ಹಿಡಿದು ನಿಂತಿದ್ದರೆ ಅರ್ಧ ಚಮತ್ಕಾರ ಅಲ್ಲೇ ಆಗಿದೆ. ಪಕ್ಕದಿಂದ ತೆಗೆದದ್ದು ಮತ್ತು ಕೂತಾಗ ತೆಗೆದದ್ದು ಇದೆಯಾ ಕೇಳಿ. ಕಲೆಯ ಎರಡು ತುದಿ ನೋಡಿ, ಸೊಂಟದ ಹತ್ತಿರ ಚರ್ಮ ಗಂಟು ಕಟ್ಟಿದ ಹಾಗೆ ಉಬ್ಬಿದ್ದರೆ ಅಲ್ಲಿ ಕೊಯ್ತ ಸಾಲದೇ ಹೋಗಿದೆ. ಹೊಕ್ಕುಳು ನೋಡಿ. ಸಹಜ ಹೊಕ್ಕುಳು ಸ್ವಲ್ಪ ಉದ್ದಕ್ಕೆ, ಒಳಕ್ಕೆ ಇದ್ದು, ಮೇಲೆ ಚಿಕ್ಕ ಚರ್ಮದ ನೆರಿಗೆ ಇರುತ್ತದೆ. ಸುತ್ತ ಎದ್ದು ಕಾಣುವ ದುಂಡನೆ ಕಲೆ ಇದ್ದರೆ ಚಪ್ಪಟೆ ಹೊಟ್ಟೆಯ ಮೇಲೆ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಮುಖ್ಯವಾಗಿ, ಒಂದು ವರ್ಷ ಆದಮೇಲಿನ ಫೋಟೋ ಕೇಳಿ. ಕಲೆ ಮಾಗಲು 12ರಿಂದ 18 ತಿಂಗಳು ಬೇಕು, ಆರನೇ ವಾರದ ಫೋಟೋದಿಂದ ಏನೂ ಹೇಳಲಾಗದು. ಚೆನ್ನಾಗಿ ಬರದ ಫಲಿತಾಂಶ ಒಂದಾದರೂ ತೋರಿಸಿ ಅಂತಲೂ ಕೇಳಬಹುದು. ಎಲ್ಲರೂ ತೋರಿಸುವುದಿಲ್ಲ, ತೋರಿಸಿ ಏನಾಯಿತು ಅಂತ ವಿವರಿಸಿದವರ ಮೇಲೆ ನನಗಂತೂ ನಂಬಿಕೆ ಜಾಸ್ತಿಯಾಗುತ್ತದೆ.

ಆನ್‌ಲೈನ್ ರಿವ್ಯೂಗಳದ್ದು ಚಿಕ್ಕ ಮಾತು: ರಿಸೆಪ್ಷನ್ ಚೆನ್ನಾಗಿತ್ತು, ಸ್ಟಾಫ್ ನಗುನಗುತ್ತಾ ಮಾತಾಡಿದರು ಅನ್ನುವ ಐದು ನಕ್ಷತ್ರ ಬಿಟ್ಟುಬಿಡಿ. ತೊಂದರೆಯಾದವರು ಬರೆದದ್ದನ್ನು ಓದಿ. ತೊಂದರೆ ಆಗಿದ್ದಕ್ಕಿಂತ, ಆಮೇಲೆ ಡಾಕ್ಟರ್ ಸಿಕ್ಕಿದರಾ ಇಲ್ಲವಾ ಅಂತ ಏನು ಬರೆದಿದ್ದಾರೆ ನೋಡಿ.

ಕೇಳಲು ಮುಜುಗರ ಆಗುವ ಪ್ರಶ್ನೆಗಳು

ಟಮ್ಮಿ ಟಕ್‌ನಲ್ಲಿ ಜೀವಕ್ಕೆ ಅಪಾಯ ತರುವ ವಿಷಯಗಳಲ್ಲಿ ಮುಖ್ಯವಾದದ್ದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋಗುವುದು. ಸೌಂದರ್ಯಕ್ಕೆಂದು ಮಾಡುವ ಆಪರೇಷನ್‌ಗಳಲ್ಲಿ ಇದರ ಅಪಾಯ ಜಾಸ್ತಿ ಇರುವವುಗಳಲ್ಲಿ ಟಮ್ಮಿ ಟಕ್ ಒಂದು. ಗಂಟೆಗಟ್ಟಲೆ ಅಲುಗಾಡದೆ ಮಲಗಿರುತ್ತೀರಿ, ಸ್ನಾಯು ಬಿಗಿ ಮಾಡಿದ್ದರಿಂದ ಹೊಟ್ಟೆಯ ಒಳಗಿನ ಒತ್ತಡ ಏರಿ ಕಾಲಿನಿಂದ ರಕ್ತ ವಾಪಸ್ ಬರುವುದು ನಿಧಾನ ಆಗುತ್ತದೆ, ಆಮೇಲೆ ನೋವಿಗೆ ಹೆದರಿ ಎದ್ದು ಓಡಾಡುವುದಿಲ್ಲ. ಹಾಗಾಗಿ 'ರಕ್ತ ಹೆಪ್ಪುಗಟ್ಟದಂತೆ ಏನು ಮಾಡುತ್ತೀರಿ?' ಅನ್ನುವುದು ನಿಮ್ಮ ಮೊದಲ ಪ್ರಶ್ನೆ ಆಗಲಿ. ಒಳ್ಳೆಯ ಉತ್ತರದಲ್ಲಿ ಇವೆಲ್ಲ ಇರುತ್ತವೆ: ಕ್ಯಾಪ್ರಿನಿ ಸ್ಕೋರ್ ಅಂತ ಒಂದು ಲೆಕ್ಕ ಇದೆ, ವಯಸ್ಸು, ತೂಕ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ, ಮಾತ್ರೆ ಏನು ನುಂಗುತ್ತೀರಿ ಅಂತ ಅಂಕ ಹಾಕಿ ನಿಮ್ಮ ಅಪಾಯ ಅಳೆಯುತ್ತಾರೆ. ಆಪರೇಷನ್ ಹೊತ್ತಿನಲ್ಲಿ ಕಾಲನ್ನು ಒತ್ತಿ ಒತ್ತಿ ಬಿಡುವ ಯಂತ್ರ ಕಟ್ಟುತ್ತಾರೆ. ಅಂದೇ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಅಪಾಯ ಹೆಚ್ಚಿರುವವರಿಗೆ ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಡುತ್ತಾರೆ. 'ನಮ್ಮಲ್ಲಿ ಯಾರಿಗೂ ಹಾಗಾಗಿಲ್ಲ' ಅನ್ನುವುದು ಉತ್ತರ ಅಲ್ಲ.

ತುಂಬ ಸಾಮಾನ್ಯವಾಗಿ ಆಗುವ ತೊಂದರೆ ಇದಕ್ಕಿಂತ ಸಣ್ಣದು, ಸೀರೋಮಾ. ಬಿಡಿಸಿದ ಚರ್ಮಕ್ಕೂ ಸ್ನಾಯುವಿಗೂ ನಡುವೆ ತಿಳಿ ನೀರು ತುಂಬಿಕೊಳ್ಳುವುದು. ಅದಕ್ಕೇ ಹಲವರು ಆ ನೀರು ಹೊರಗೆ ಹರಿದುಹೋಗಲು ಡ್ರೈನ್ ಪೈಪ್ ಇಡುತ್ತಾರೆ. ಕೆಲವರು ಚರ್ಮವನ್ನು ಒಳಗಿನಿಂದ ಅಲ್ಲಲ್ಲಿ ಸ್ನಾಯುವಿಗೆ ಹೊಲಿದು ನೀರಿಗೆ ಜಾಗವೇ ಇಲ್ಲದ ಹಾಗೆ ಮಾಡುತ್ತಾರೆ, ಕೌದಿಯ ಪದರಗಳನ್ನು ಅಲ್ಲಲ್ಲಿ ಹೊಲಿದು ಹಿಡಿಸುವ ಹಾಗೆ. 2000ದಲ್ಲಿ ಪೊಲಾಕ್ ಎಂಬ ಹೆಸರಿನ ಇಬ್ಬರು ಅಮೆರಿಕನ್ ಸರ್ಜನ್‌ಗಳು ಈ ಹೊಲಿಗೆಯ ಒಂದು ವಿಧಾನ ವಿವರಿಸಿದ ಮೇಲೆ ಡ್ರೈನ್ ಇಲ್ಲದ ಟಮ್ಮಿ ಟಕ್ ಹೆಚ್ಚು ಚಾಲ್ತಿಗೆ ಬಂತು. ಡ್ರೈನ್ ಇಡುವವರು ಹಳಬರು, ಇಡದವರು ಮುಂದುವರಿದವರು ಅಂತೇನಿಲ್ಲ. ಎರಡರಲ್ಲೂ ಒಳ್ಳೆಯ ಸರ್ಜನ್‌ಗಳಿದ್ದಾರೆ. ನಿಮ್ಮಲ್ಲಿ ಸೀರೋಮಾ ಎಷ್ಟು ಜನಕ್ಕೆ ಆಗುತ್ತದೆ, ಆದರೆ ಏನು ಮಾಡುತ್ತೀರಿ ಅಂತ ಕೇಳಿ, ಉತ್ತರ ಸಲೀಸಾಗಿ ಬಂದರೆ ಸಾಕು.

ಆಮೇಲೆ ಅರಿವಳಿಕೆ. ಅರಿವಳಿಕೆ ತಜ್ಞರು ಯಾರು, ಅವರು ಪೂರ್ತಿ ಹೊತ್ತು ನಿಮ್ಮ ಪಕ್ಕದಲ್ಲೇ ಇರುತ್ತಾರಾ, ಆಪರೇಷನ್‌ಗೆ ಮೊದಲೇ ಒಮ್ಮೆ ನಿಮ್ಮನ್ನು ನೋಡುತ್ತಾರಾ? ಆಪರೇಷನ್ ನಡೆಯುವ ಜಾಗದಲ್ಲಿ ಐಸಿಯು ಇದೆಯಾ, ಇಲ್ಲದಿದ್ದರೆ ಹತ್ತಿರದ ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಮೊದಲೇ ಮಾತಾಡಿಟ್ಟಿದ್ದೀರಾ? ಜಾಗಕ್ಕೆ ಮಾನ್ಯತೆ ಯಾರು ಕೊಟ್ಟಿದ್ದಾರೆ? ಕೊಯ್ಯುವವರು, ಹೊಲಿಯುವವರು ನೀವೇನಾ, ಇಲ್ಲ ತರಬೇತಿಯಲ್ಲಿರುವವರಾ? ಸಹಾಯಕರು ಹೊಲಿಗೆ ಮುಗಿಸುವುದು ದೊಡ್ಡ ಅಪರಾಧ ಏನಲ್ಲ, ಆದರೆ ನಿಮಗೆ ಮೊದಲೇ ಗೊತ್ತಿರಬೇಕು, ಅಲ್ವಾ.

ಒಂದೇ ಸಲಕ್ಕೆ ಹೊಟ್ಟೆ, ಎದೆ, ತೊಡೆ ಎಲ್ಲ ಮಾಡಿಬಿಡೋಣ, ರಜೆ ಉಳಿಯುತ್ತದೆ ಅನ್ನುವ ಪ್ಯಾಕೇಜ್‌ಗಳಿವೆ. ಒಂದೆರಡನ್ನು ಸೇರಿಸಿ ಮಾಡುವುದು ರೂಢಿಯಲ್ಲಿದೆ, ಆದರೆ ಟೇಬಲ್ ಮೇಲಿನ ಗಂಟೆಗಳು ಹೆಚ್ಚಾದ ಹಾಗೆ ಹೆಪ್ಪುಗಟ್ಟುವ ಅಪಾಯವೂ, ಉಳಿದ ತೊಂದರೆಗಳೂ ಏರುತ್ತವೆ. ಒಟ್ಟು ಎಷ್ಟು ಗಂಟೆ ಅಂತ ಕೇಳಿ. ಎರಡು ಸಲ ಮಾಡೋಣ ಅಂದರೆ ಅವರು ಹಣಕ್ಕಾಗಿ ಹೇಳುತ್ತಿದ್ದಾರೆ ಅಂತ ತಕ್ಷಣ ಅಂದುಕೊಳ್ಳಬೇಡಿ.

ಆಪರೇಷನ್ ಆದಮೇಲಿನ ಡಾಕ್ಟರ್

ಮೊದಲ ವಾರ ಬೆನ್ನು ಬಾಗಿಸಿಯೇ ನಡೆಯುತ್ತೀರಿ, ನೆಟ್ಟಗೆ ನಿಂತರೆ ಹೊಲಿಗೆ ಎಳೆಯುತ್ತದೆ. ಕೂತು ಮಾಡುವ ಕೆಲಸಕ್ಕೆ ಹೋಗಲು ಎರಡು ಮೂರು ವಾರ, ಭಾರ ಎತ್ತಲು ಸುಮಾರು 6 ವಾರ. ಹೊಕ್ಕುಳಿನ ಕೆಳಗೆ ತಿಂಗಳುಗಟ್ಟಲೆ ಮರಗಟ್ಟಿದ ಹಾಗಿರುತ್ತದೆ, ಕೆಲವರಿಗೆ ಸ್ವಲ್ಪ ಜಾಗದಲ್ಲಿ ಸ್ಪರ್ಶ ವಾಪಸ್ ಬರುವುದೇ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎತ್ತಿಕೊಳ್ಳುವವರು ಯಾರು ಅಂತ ಸರ್ಜನ್ನೇ ಕೇಳಿದರೆ ಅವರು ಈ ವಾರಗಳನ್ನು ಕಣ್ಣಾರೆ ಕಂಡವರು. ಒಂದು ಕಾಲು ಮಾತ್ರ ಊದಿ ನೋವಾದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಫೋನಿಗೆ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಬೇಕು ಅನ್ನುವುದನ್ನು ಅವರು ನಿಮಗೆ ಬರೆದೇ ಕೊಡಬೇಕು. ಉಳಿದದ್ದಕ್ಕೆ ಯಾರ ನಂಬರ್? ಸರ್ಜನ್ ಊರಲ್ಲಿಲ್ಲದಿದ್ದರೆ ಯಾರು ನೋಡುತ್ತಾರೆ? ಎಷ್ಟನೇ ದಿನ, ಎಷ್ಟನೇ ವಾರ ಬರಬೇಕು?

ಬೇರೆ ದೇಶಕ್ಕೆ ಹೋಗಿ ಮಾಡಿಸಿಕೊಳ್ಳುವವರ ಕಷ್ಟ ಇರುವುದು ಇಲ್ಲೇ. ಅಲ್ಲಿನ ಸರ್ಜನ್ ಎಷ್ಟೇ ಒಳ್ಳೆಯವರಿರಲಿ, ಎರಡನೇ ವಾರ ಗಾಯ ಬಿಟ್ಟುಕೊಂಡರೆ ಅವರು ಸಮುದ್ರದ ಆಚೆ ಇರುತ್ತಾರೆ. ವಿಮಾನದಲ್ಲಿ ಗಂಟೆಗಟ್ಟಲೆ ಕೂರುವುದರಿಂದ ಹೆಪ್ಪುಗಟ್ಟುವ ಅಪಾಯ ಇನ್ನೂ ಹೆಚ್ಚು, ಹೊಟ್ಟೆಯ ಆಪರೇಷನ್ ಆದಮೇಲೆ ಕನಿಷ್ಠ 10 ದಿನ ವಿಮಾನ ಹತ್ತಬೇಡಿ ಅಂತ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಅದೇ ಸಂಸ್ಥೆ 2024ರಲ್ಲಿ ಒಂದು ವರದಿ ಕೊಟ್ಟಿತು: 2009ರಿಂದ 2022ರವರೆಗೆ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿ ಕಾಸ್ಮೆಟಿಕ್ ಸರ್ಜರಿ ಮಾಡಿಸಿಕೊಂಡ ಅಮೆರಿಕದ ಪ್ರಜೆಗಳಲ್ಲಿ 93 ಜನ ಸತ್ತಿದ್ದಾರೆ. ವಿವರ ಸಿಕ್ಕ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕೊಬ್ಬು ಅಥವಾ ಹೆಪ್ಪುಗಟ್ಟಿದ ರಕ್ತ ಹೋಗಿ ರಕ್ತನಾಳಕ್ಕೆ ಸಿಕ್ಕಿಕೊಂಡದ್ದು. ಎಲ್ಲವೂ ಟಮ್ಮಿ ಟಕ್ ಅಲ್ಲ, ಒಂದೇ ಸಲಕ್ಕೆ ಹಲವು ಆಪರೇಷನ್ ಮಾಡಿಸಿಕೊಂಡವರು ಅದರಲ್ಲಿ ತುಂಬ ಜನ. ಹೊರದೇಶಕ್ಕೆ ಹೋಗಲೇಬಾರದು ಅಂತ ನಾನು ಹೇಳುತ್ತಿಲ್ಲ. ವಾಪಸ್ ಬಂದಮೇಲೆ ನೋಡಿಕೊಳ್ಳಲು ನಿಮ್ಮ ಊರಿನ ಒಬ್ಬ ಸರ್ಜನ್ ಮೊದಲೇ ಒಪ್ಪಿದ್ದರೆ ಮಾತ್ರ ಯೋಚಿಸಿ. ಇನ್ನೊಬ್ಬರು ಮಾಡಿದ ಕೆಲಸಕ್ಕೆ ಕೈ ಹಾಕಲು ಎಲ್ಲರೂ ಒಪ್ಪುವುದಿಲ್ಲ.

ಇಬ್ಬರು ಎರಡು ಹೇಳಿದರೆ

ಕನಿಷ್ಠ ಇಬ್ಬರನ್ನು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನೋಡಿದಿರಿ, ಒಬ್ಬರು ಪೂರ್ತಿ ಟಮ್ಮಿ ಟಕ್ ಬೇಕು ಅಂದರು, ಇನ್ನೊಬ್ಬರು ಮಿನಿ ಸಾಕು ಅಂದರು. ಈಗ? ಮಿನಿಯಲ್ಲಿ ಕಲೆ ಚಿಕ್ಕದು, ಹೊಕ್ಕುಳನ್ನು ಸಾಮಾನ್ಯವಾಗಿ ಸ್ಥಳ ಬದಲಿಸುವುದಿಲ್ಲ, ಆದರೆ ಹೊಕ್ಕುಳಿನ ಮೇಲಿನ ಸಡಿಲ ಚರ್ಮಕ್ಕೆ ಅದು ಏನೂ ಮಾಡದು. ಕನ್ನಡಿ ಮುಂದೆ ನಿಂತು ಹೊಕ್ಕುಳಿನ ಮೇಲಿನ ಚರ್ಮ ಹಿಡಿದು ನೋಡಿ, ಅಲ್ಲೂ ಮುಷ್ಟಿಯಷ್ಟು ಸಿಗುತ್ತಿದ್ದರೆ ಮಿನಿ ಅಂದವರಿಗೆ 'ಈ ಭಾಗ ಏನಾಗುತ್ತೆ?' ಅಂತ ಕೇಳಬೇಕು. ಅವರು ವಿವರಿಸಬಹುದು, ಅಥವಾ ತಡವರಿಸಬಹುದು. ಬೇರೆ ಭಿನ್ನಾಭಿಪ್ರಾಯಕ್ಕೂ ದಾರಿ ಇದೇ: ಮೊದಲನೆಯವರು ಹೀಗೆ ಹೇಳಿದರು, ನೀವು ಯಾಕೆ ಬೇರೆ ಹೇಳುತ್ತೀರಿ ಅಂತ ನೇರ ಕೇಳಿ. ಕಾರಣ ನಿಮ್ಮ ಹೊಟ್ಟೆಯಲ್ಲಿ ಇರಬೇಕು, ಇನ್ನೊಬ್ಬ ಡಾಕ್ಟರನ್ನು ಹೀಗಳೆಯುವುದರಲ್ಲಿ ಅಲ್ಲ.

ಹಣದ ವಿಷಯದಲ್ಲಿ ಮೊತ್ತಕ್ಕಿಂತ ಅದರೊಳಗೆ ಏನೇನು ಸೇರಿದೆ ಅನ್ನುವುದು ಮುಖ್ಯ. ಅರಿವಳಿಕೆ, ಆಸ್ಪತ್ರೆ, ಆಪರೇಷನ್ ಆದಮೇಲೆ ಹೊಟ್ಟೆಗೆ ಬಿಗಿಯಾಗಿ ಕಟ್ಟುವ ಒತ್ತುಪಟ್ಟಿ, ಔಷಧಿ, ಮುಂದಿನ ಭೇಟಿಗಳು, ಎಲ್ಲವನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ತೊಂದರೆಯಾಗಿ ಮತ್ತೆ ಆಪರೇಷನ್ ಥಿಯೇಟರಿಗೆ ಹೋಗಬೇಕಾದರೆ ಖರ್ಚು ಯಾರದು? ಕಲೆ ತಿದ್ದಬೇಕಾದರೆ ಎಷ್ಟು ತಿಂಗಳು ಕಾದು ಮಾಡುತ್ತಾರೆ, ಸರ್ಜನ್ ಫೀಸ್ ಮತ್ತೆ ಕೊಡಬೇಕಾ? ಬರೀ ಅಂದಕ್ಕಾಗಿ ಮಾಡಿಸಿದ್ದಕ್ಕೆ ವಿಮೆ ಸಾಮಾನ್ಯವಾಗಿ ಬರುವುದಿಲ್ಲ, ತೊಂದರೆಯಾದಾಗಿನ ಚಿಕಿತ್ಸೆಗೂ ಕೆಲವು ಪಾಲಿಸಿಗಳು ಕೈ ಎತ್ತುತ್ತವೆ, ಅದನ್ನೂ ಮೊದಲೇ ವಿಚಾರಿಸಿ. ಇವತ್ತು ಸಂಜೆಯೊಳಗೆ ಬುಕ್ ಮಾಡಿದರೆ ರಿಯಾಯಿತಿ ಅಂದರೆ ಆ ಸಂಜೆ ಮನೆಗೆ ಹೋಗಿ ಮಲಗಿ. ಮುಂಗಡ ಕಟ್ಟುವ ಮೊದಲು ಇನ್ನೊಂದು ಕೇಳಬೇಕು: ಆಪರೇಷನ್‌ಗೆ ಎರಡು ದಿನ ಇರುವಾಗ ನನಗೆ ಕೆಮ್ಮು ಜ್ವರ ಬಂದರೆ ದಿನ ಮುಂದಕ್ಕೆ ಹಾಕುತ್ತೀರಾ, ಹಣ ಹೋಗುತ್ತದಾ? ಹೊಲಿದ ಹೊಟ್ಟೆಯಲ್ಲಿ ಕೆಮ್ಮುವುದು ಎಂಥ ಯಾತನೆ, ಹೊಲಿಗೆಗೂ ಎಷ್ಟು ಕೆಟ್ಟದ್ದು ಅಂತ ಗೊತ್ತಿರುವ ಸರ್ಜನ್, ನೀವು ಕೇಳುವ ಮೊದಲೇ ಮುಂದಕ್ಕೆ ಹಾಕುತ್ತಾರೆ.